ಗಡ್ಡೆ ತೆಗೆದ ಮೇಲೂ ಬಾಕಿ ಉಳಿಯುವ ಚಿಕಿತ್ಸೆ

ಮೆದುಳಿನ ಗಡ್ಡೆಗೆ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ವಾರಗಟ್ಟಲೆ ರೇಡಿಯೇಷನ್ನನ್ನೂ ದಾಟಿ ಮನೆಗೆ ಬಂದವರ ಬಗ್ಗೆ ಮನೆಮಂದಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಸ್ಕ್ಯಾನ್ ಚೆನ್ನಾಗಿದೆ ಅಂದಿದಾರೆ ಡಾಕ್ಟ್ರು. ಓಡಾಡ್ತಾರೆ, ಊಟ ಮಾಡ್ತಾರೆ, ಬಂದವರನ್ನ ಮಾತಾಡಿಸ್ತಾರೆ. ಆದ್ರೆ ಇವ್ರು ಮೊದಲಿನ ಹಾಗಿಲ್ಲ.’

ಹಾಗೆಂದರೆ ಏನು ಎಂದು ಬಿಡಿಸಿ ಕೇಳಿದರೆ ವಿವರಗಳು ಒಂದೊಂದಾಗಿ ಬರುತ್ತವೆ. ಒಲೆ ಮೇಲೆ ಹಾಲಿಟ್ಟು ಹೊರಗೆ ಬಂದರೆ ಹಾಲಿನ ನೆನಪಿಲ್ಲ. ಟಿವಿ ನಡೆಯುತ್ತಿರುವಾಗ ಮಾತಾಡಿಸಿದರೆ ಎರಡೂ ಕೇಳಿಸುವುದಿಲ್ಲ. ಇಪ್ಪತ್ತು ವರ್ಷ ಕಿರಾಣಿ ಅಂಗಡಿಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಚಿಲ್ಲರೆ ಕೊಡುವಾಗ ತಡವರಿಸುತ್ತಾರೆ. ಬೆಳಗ್ಗೆ ಸ್ನಾನಕ್ಕೆ ಏಳಿ ಎಂದು ಯಾರಾದರೂ ಹೇಳುವವರೆಗೂ ಮಂಚದ ಮೇಲೆ ಸುಮ್ಮನೆ ಕೂತಿರುತ್ತಾರೆ. ಒಮ್ಮೊಮ್ಮೆ ಏನೂ ಕಾರಣವಿಲ್ಲದೆ ಸಿಟ್ಟು. ಊರವರು ‘ಅಷ್ಟು ದೊಡ್ಡ ಆಪರೇಷನ್ ಆಗಿದೆಯಲ್ಲ, ನಿಧಾನಕ್ಕೆ ಸರಿಹೋಗುತ್ತೆ ಬಿಡಿ’ ಅನ್ನುತ್ತಾರೆ. ಕೆಲವು ಸರಿಹೋಗುತ್ತವೆ. ಹಲವು ತಾವಾಗಿ ಸರಿಹೋಗುವುದಿಲ್ಲ. ಅವನ್ನು ಪರೀಕ್ಷಿಸಿ, ಹೆಸರಿಸಿ, ತರಬೇತಿ ಕೊಡಬೇಕಾಗುತ್ತದೆ. ಆ ಕೆಲಸವೇ ಕಾಗ್ನಿಟಿವ್ ರಿಹ್ಯಾಬಿಲಿಟೇಷನ್, ಅರಿವಿನ ಪುನಶ್ಚೇತನ. ಗಡ್ಡೆಯ ಚಿಕಿತ್ಸೆಯಲ್ಲಿ ಇದು ಕೊನೆಯಲ್ಲಿ ಬೇಕಾದರೆ ಸೇರಿಸಿಕೊಳ್ಳುವ ಭಾಗವಲ್ಲ, ಚಿಕಿತ್ಸೆಯದೇ ಅಂಗ ಎಂಬುದನ್ನು ಹೇಳಲು ಈ ಬರಹ.

ಮೆದುಳಿನ ಯಾವ ಭಾಗದಲ್ಲಿ ಗಡ್ಡೆ ಇತ್ತು ಎಂಬುದರ ಮೇಲೆ ತೊಂದರೆಯ ಸ್ವರೂಪ ನಿಲ್ಲುತ್ತದೆ. ಹಣೆಯ ಹಿಂಭಾಗದ ಮುಂದಿನ ಹಾಲೆ ಯೋಜನೆ ಹಾಕುವ, ಕೆಲಸ ಶುರುಮಾಡುವ, ತಡೆದುಕೊಳ್ಳುವ ಜಾಗ. ಅಲ್ಲಿ ಪೆಟ್ಟು ಬಿದ್ದರೆ ನೆನಪಿನ ಶಕ್ತಿ ಇದ್ದೂ ಮನುಷ್ಯ ತಾನಾಗಿ ಯಾವುದಕ್ಕೂ ಕೈಹಾಕುವುದಿಲ್ಲ. ಕಿವಿಯ ಮೇಲ್ಭಾಗದ ಪಾರ್ಶ್ವದ ಹಾಲೆಯಲ್ಲಿ, ಅದರಲ್ಲೂ ಒಳಗಿರುವ ಹಿಪೊಕ್ಯಾಂಪಸ್‌ನಲ್ಲಿ ಹಾನಿಯಾದರೆ ಹಳೆಯದು ನೆನಪಿರುತ್ತದೆ, ಇವತ್ತಿನದು ಕೂರುವುದಿಲ್ಲ. ಹೆಚ್ಚಿನವರಲ್ಲಿ ಭಾಷೆ ಎಡಗಡೆ ಇರುವುದರಿಂದ ಎಡಭಾಗದ ಗಡ್ಡೆ ಮಾತನ್ನು ಕಸಿಯಬಹುದು. ಆದರೆ ಈ ನಕ್ಷೆಯನ್ನು ತೀರಾ ನಂಬಬಾರದು. ಗಡ್ಡೆಯ ಸುತ್ತಲಿನ ಊತ, ನರತಂತುಗಳ ಸಂಪರ್ಕ ಕಡಿದುಹೋಗುವುದು, ಚಿಕಿತ್ಸೆಯ ಪರಿಣಾಮ ಎಲ್ಲ ಸೇರಿ, ಗಡ್ಡೆ ಎಲ್ಲೇ ಇದ್ದರೂ ಸಾಮಾನ್ಯವಾಗಿ ಕುಗ್ಗುವುದು ಮೂರು: ಗಮನ, ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಮತ್ತು ಯೋಚನೆಯ ವೇಗ. ಈ ಮೂರನೆಯದನ್ನು ಮನೆಯವರು ಗುರುತಿಸುವುದು ಕಷ್ಟ. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಮನೆಯವರೇ ಉತ್ತರ ಹೇಳಿ ಮುಗಿಸಿರುತ್ತಾರೆ.

ತರಬೇತಿಗೆ ಮೊದಲು ನೋಡಬೇಕಾದ್ದು ಬೇರೆಯೇ ಇದೆ. ಮಂಕುತನಕ್ಕೆ ಕಾರಣ ಮೆದುಳಿನ ಗಾಯವೇ ಆಗಿರಬೇಕಿಲ್ಲ. ಹೊರಗೆ ಕಾಣದಂತೆ ಬಂದುಹೋಗುವ ಸಣ್ಣ ಫಿಟ್ಸ್ ಗಮನವನ್ನು ಆಗಾಗ ಕಡಿಯಬಹುದು. ಫಿಟ್ಸ್ ತಡೆಯಲು ಈಗ ಬಹಳ ಕಡೆ ಬರೆಯುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು, ಕಿರಿಕಿರಿ ತರುತ್ತದೆ. ಹೆಂಡತಿ ಮಕ್ಕಳ ಮೇಲೆ ರೇಗಾಡುವ ಮನುಷ್ಯನ ಸ್ವಭಾವ ಕೆಟ್ಟಿದೆ ಎಂದು ಮನೆಯವರು ಕೊರಗುತ್ತಿರುವಾಗ ಉತ್ತರ ಮಾತ್ರೆಯ ಚೀಟಿಯಲ್ಲಿರಬಹುದು. ಊತ ಇಳಿಸಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ಅಲ್ಲಾಡಿಸುತ್ತದೆ. ಪಿಟ್ಯುಟರಿ ಗ್ರಂಥಿಯ ಹತ್ತಿರ ಆಪರೇಷನ್ ಅಥವಾ ರೇಡಿಯೇಷನ್ ಆಗಿದ್ದರೆ ಥೈರಾಯ್ಡ್ ಮತ್ತು ಇತರ ಹಾರ್ಮೋನುಗಳು ಕಡಿಮೆಯಾಗಿ, ಕೆಲವೊಮ್ಮೆ ವರ್ಷಗಳ ನಂತರ, ಆಲಸ್ಯ ಆವರಿಸುತ್ತದೆ. ಖಿನ್ನತೆಯೂ ನೆನಪಿನ ತೊಂದರೆಯ ವೇಷದಲ್ಲೇ ಬರುತ್ತದೆ. ಶಾಕಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದೂ ಮಂಕು ತರಬಹುದು. ಇವೆಲ್ಲ ಚಿಕಿತ್ಸೆಯಿರುವ ಕಾರಣಗಳು. ಇವನ್ನು ನೋಡದೆ ‘ಮೆದುಳಿಗೆ ಏಟಾಗಿದೆ, ಇಷ್ಟೇ’ ಎಂದು ಕೈಚೆಲ್ಲುವುದು ಅನ್ಯಾಯ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ. ಫಿಟ್ಸ್ ಮಾತ್ರೆಯನ್ನಾಗಲಿ ಸ್ಟೀರಾಯ್ಡನ್ನಾಗಲಿ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು.

ರೇಡಿಯೇಷನ್ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ವೈದ್ಯವಿಜ್ಞಾನ ತನ್ನ ದಾರಿಯನ್ನೇ ಬದಲಿಸಿಕೊಂಡಿದೆ. ದೇಹದ ಬೇರೆ ಕಡೆಯ ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಹಿಂದೆ ಇಡೀ ಮೆದುಳಿಗೆ ವಿಕಿರಣ ಕೊಡುವುದು ರೂಢಿಯಾಗಿತ್ತು. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದರಿಂದ ಮೂರು ಗಡ್ಡೆಗಳಿದ್ದ 58 ರೋಗಿಗಳಿದ್ದರು. ಒಂದು ಗುಂಪಿಗೆ ಗಡ್ಡೆಗಷ್ಟೇ ಗುರಿಯಿಟ್ಟ ವಿಕಿರಣ; ಇನ್ನೊಂದಕ್ಕೆ ಅದರ ಜೊತೆಗೆ ಇಡೀ ಮೆದುಳಿಗೂ. ನಾಲ್ಕು ತಿಂಗಳ ಹೊತ್ತಿಗೆ ಕಲಿಕೆ ಮತ್ತು ನೆನಪು ಕುಗ್ಗುವ ಸಂಭವ ಮೊದಲ ಗುಂಪಿನಲ್ಲಿ ಶೇ 24, ಎರಡನೆಯದರಲ್ಲಿ ಶೇ 52. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ 2020ರಲ್ಲಿ 518 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಇಡೀ ಮೆದುಳಿಗೆ ವಿಕಿರಣ ಕೊಡಲೇಬೇಕಾದಾಗ ಹಿಪೊಕ್ಯಾಂಪಸ್ ಭಾಗವನ್ನು ಉಳಿಸಿ, ಜೊತೆಗೆ ಮೆಮಾಂಟಿನ್ ಮಾತ್ರೆ ಕೊಟ್ಟರೆ, ಆ ಭಾಗವನ್ನು ಉಳಿಸದೆ ವಿಕಿರಣ ಮತ್ತು ಅದೇ ಮಾತ್ರೆ ಕೊಟ್ಟವರಿಗಿಂತ ಅರಿವು ಕುಗ್ಗುವ ಅಪಾಯ ಕಾಲು ಭಾಗದಷ್ಟು ಕಡಿಮೆ. ಗಡ್ಡೆ ಕರಗಿತೇ ಎಂಬ ಒಂದೇ ಪ್ರಶ್ನೆಯ ಪಕ್ಕದಲ್ಲಿ, ಬದುಕುಳಿದವರ ಯೋಚನಾಶಕ್ತಿ ಎಷ್ಟು ಉಳಿಯಿತು ಎಂಬ ಇನ್ನೊಂದು ಪ್ರಶ್ನೆಯೂ ಹೀಗೆ ಬಂದು ನಿಂತಿತು. ರೇಡಿಯೇಷನ್ ಶುರುವಾಗುವ ಮುನ್ನ ‘ಹಿಪೊಕ್ಯಾಂಪಸ್ ಉಳಿಸುವ ವಿಧಾನ ನಮಗೆ ಹೊಂದುತ್ತದೆಯೇ’ ಎಂದು ಕೇಳುವುದು ರೋಗಿಯ ಹಕ್ಕು. ಎಲ್ಲರಿಗೂ ಹೊಂದುವುದಿಲ್ಲ; ಆ ಭಾಗದಲ್ಲೇ ಗಡ್ಡೆಯಿದ್ದರೆ ಸಾಧ್ಯವೇ ಇಲ್ಲ. ಆದರೂ ಕೇಳಬೇಕು.

ಇನ್ನು ಪರೀಕ್ಷೆ. ‘ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ’ ಎಂದು ಕೇಳುವ 30 ಅಂಕದ ಸಣ್ಣ ಪರೀಕ್ಷೆ ಒಪಿಡಿಗಳಲ್ಲಿ ನಡೆಯುತ್ತದೆ. ಮರೆಗುಳಿತನದ ರೋಗವನ್ನು ಅಂದಾಜಿಸಲು ಅದು ಸಾಕಾಗಬಹುದು. ಗಡ್ಡೆಯ ಆಪರೇಷನ್ ಆದ ನಲವತ್ತರ ಹರೆಯದ ಶಿಕ್ಷಕಿಗೆ ಅದರಲ್ಲಿ 29 ಅಂಕ ಬಂದೀತು, ಆದರೂ ಅವರಿಗೆ ತರಗತಿ ನಡೆಸಲು ಆಗದಿರಬಹುದು. ಬೇಕಾದ್ದು ಪೂರ್ಣ ನರಮನೋವೈಜ್ಞಾನಿಕ ಪರೀಕ್ಷೆ. ಪದಗಳ ಪಟ್ಟಿಯನ್ನು ಓದಿ ಹೇಳಿ ಅರ್ಧ ಗಂಟೆಯ ಬಳಿಕ ಮತ್ತೆ ಕೇಳುವುದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲರೆಂದು ನೋಡುವುದು, ಬಣ್ಣದ ಅಂಕಿಗಳನ್ನು ಸರದಿಯಲ್ಲಿ ಜೋಡಿಸಲು ಕೊಡುವುದು, ಮುಂದಿನ ಹೆಜ್ಜೆ ಯೋಚಿಸಿ ಮಣಿಗಳನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸಲು ಹೇಳುವುದು ಹೀಗೆ ಕೆಲವು ಗಂಟೆಗಳೇ ಹಿಡಿಯುವ ಕೆಲಸ ಅದು. ಬೆಂಗಳೂರಿನ ನಿಮ್ಹಾನ್ಸ್‌ನ ಶೋಬಿನಿ ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ ಇಂಥ ಪರೀಕ್ಷೆಗಳ ಒಂದು ಗುಚ್ಛವನ್ನು ಭಾರತೀಯರಿಗೆ ಒಗ್ಗಿಸಿ 2004ರಲ್ಲಿ ಪ್ರಕಟಿಸಿದರು. ಅಕ್ಷರ ಬಾರದವರಿಗೂ ಅದರಲ್ಲಿ ಪ್ರತ್ಯೇಕ ಮಾನದಂಡವಿದೆ. ಇದು ಸಣ್ಣ ವಿಷಯವಲ್ಲ. ಕಾಲೇಜು ಓದಿದ ಅಮೆರಿಕನ್ನರ ಅಂಕದ ಜೊತೆ ಶಾಲೆಯ ಮೆಟ್ಟಿಲು ಹತ್ತದ ರೈತರ ಅಂಕವನ್ನು ಹೋಲಿಸಿದರೆ ಆರೋಗ್ಯವಂತರೂ ರೋಗಿಗಳಾಗಿ ಕಾಣುತ್ತಾರೆ.

ಸಾಧ್ಯವಾದರೆ ಆಪರೇಷನ್‌ಗೆ ಮೊದಲೊಮ್ಮೆ ಈ ಪರೀಕ್ಷೆ ಆಗಿರಬೇಕು. ಹಿಂದೆ ಎಷ್ಟಿತ್ತು ಎಂದು ಗೊತ್ತಿದ್ದರೆ ಮಾತ್ರ ಈಗ ಎಷ್ಟು ಹೋಗಿದೆ ಎಂದು ತಿಳಿಯುತ್ತದೆ. ಪರೀಕ್ಷೆ ರೋಗಿಯ ಮನೆಮಾತಿನಲ್ಲೇ ನಡೆಯಬೇಕು. ಮನೆಯಲ್ಲಿ ತುಳು, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ನಮ್ಮಲ್ಲಿ ತುಂಬ. ಮೆದುಳಿಗೆ ಪೆಟ್ಟಾದಾಗ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಹೋಗಬೇಕೆಂದಿಲ್ಲ, ಒಂದೇ ಹೊತ್ತಿಗೆ ಮರಳಬೇಕೆಂದೂ ಇಲ್ಲ. ಮಾತಿನ ತೊಂದರೆ ಮುಖ್ಯವಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷಿಸಿ ಚಿಕಿತ್ಸೆ ಕೊಡುವವರಿದ್ದಾರೆ.

ಮೆದುಳಿನ ಪುನಶ್ಚೇತನ ವಿದ್ಯೆ ಹುಟ್ಟಿದ್ದು ಯುದ್ಧದ ಗಾಯಾಳುಗಳಿಂದ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಕುರ್ಟ್ ಗೋಲ್ಡ್‌ಸ್ಟೀನ್, ಎರಡನೆಯದರಲ್ಲಿ ಸೋವಿಯತ್ ದೇಶದ ಅಲೆಕ್ಸಾಂಡರ್ ಲೂರಿಯಾ ತಲೆಗೆ ಗುಂಡು ಬಿದ್ದ ಸೈನಿಕರಿಗೆ ಮತ್ತೆ ಓದಲು, ಬರೆಯಲು, ಕೆಲಸ ಮಾಡಲು ಕಲಿಸುತ್ತ ಇದರ ತಳಹದಿ ಹಾಕಿದರು. ಆಮೇಲೆ ಅದು ರಸ್ತೆ ಅಪಘಾತ, ಪಾರ್ಶ್ವವಾಯು ಆದವರಿಗೆ ವಿಸ್ತರಿಸಿತು. ಗಡ್ಡೆಯ ರೋಗಿಗಳು ಬಹುಕಾಲ ಹೊರಗೇ ಉಳಿದರು. ಎಷ್ಟು ದಿನ ಬದುಕುತ್ತಾರೋ ಎಂಬ ಅನುಮಾನವೇ ಅವರಿಗೆ ಬಾಗಿಲು ಹಾಕಿತು.

ಆ ಬಾಗಿಲು ತೆರೆದವರಲ್ಲಿ ನೆದರ್ಲೆಂಡ್ಸ್‌ನ ಕರಿನ್ ಗೆಹ್ರಿಂಗ್ ಮತ್ತವರ ಜೊತೆಗಾರರು ಮುಖ್ಯರು. ಗ್ಲಿಯೋಮಾ ಎಂಬ ಗಡ್ಡೆಯಿದ್ದು, ಕಾಯಿಲೆ ಸದ್ಯಕ್ಕೆ ಸ್ಥಿರವಾಗಿದ್ದ 140 ಮಂದಿಯನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ವಾರ, ವಾರಕ್ಕೊಮ್ಮೆ ಎರಡು ಗಂಟೆ ತರಬೇತಿ, ಜೊತೆಗೆ ಮನೆಗೆಲಸ. ತರಬೇತಿಯಲ್ಲಿ ಎರಡು ಪಾಲು. ಕಂಪ್ಯೂಟರಿನಲ್ಲಿ ಗಮನವನ್ನು ಪಳಗಿಸುವುದು ಒಂದು. ಹೋದ ಶಕ್ತಿಯ ಜಾಗದಲ್ಲಿ ಬೇರೆ ಉಪಾಯಗಳನ್ನು ಬಳಸಲು ಕಲಿಸುವುದು ಇನ್ನೊಂದು. 2009ರಲ್ಲಿ ಬಂದ ಫಲಿತಾಂಶ ಕುತೂಹಲಕರವಾಗಿದೆ. ತರಬೇತಿ ಮುಗಿದ ಕೂಡಲೇ ರೋಗಿಗಳು ‘ನಮಗೆ ಮೇಲು’ ಅಂದರು, ಪರೀಕ್ಷೆಯ ಅಂಕಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳ ನಂತರ ನೋಡಿದಾಗ ಗಮನ ಮತ್ತು ಪದಗಳ ನೆನಪಿನ ಪರೀಕ್ಷೆಗಳಲ್ಲೂ ಅವರು ತರಬೇತಿ ಇಲ್ಲದವರಿಗಿಂತ ಮುಂದಿದ್ದರು, ಮಾನಸಿಕ ದಣಿವೂ ಕಡಿಮೆಯಿತ್ತು. ಕಲಿತದ್ದು ದಿನನಿತ್ಯದ ಬದುಕಿಗೆ ಇಳಿಯಲು ಸಮಯ ಬೇಕು ಎಂದು ನಾನು ಇದನ್ನು ಓದುತ್ತೇನೆ. ಅದೇ ತಂಡ ಮುಂದೆ ಆಪರೇಷನ್ ಆದ ಮೂರು ತಿಂಗಳಿಗೇ ಟ್ಯಾಬ್ಲೆಟ್ ಮೂಲಕ ಇದೇ ತರಬೇತಿ ಕೊಟ್ಟು ನೋಡಿದ ಸಣ್ಣ ಪ್ರಯೋಗದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಯಾರಿಗೆ, ಯಾವಾಗ, ಯಾವ ರೂಪದಲ್ಲಿ ಎಂಬುದು ಇನ್ನೂ ತೀರ್ಮಾನವಾಗಬೇಕಾದ ವಿಚಾರ. ಆದರೂ ಏನೂ ಮಾಡದಿರುವುದಕ್ಕೆ ಅದು ನೆಪವಾಗಬಾರದು.

ಈ ತರಬೇತಿಗೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ನಮ್ಮ ದೇಶದಲ್ಲಿ ರೂಪುಗೊಂಡ ಕ್ರಮಗಳಲ್ಲಿ ಬೆರೆಸಿಟ್ಟ ಕಾಳುಗಳನ್ನು ಬೇರ್ಪಡಿಸುವುದು, ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನಷ್ಟೇ ಹೊಡೆದುಹಾಕುವುದು ಗಮನದ ಅಭ್ಯಾಸಗಳಾಗಿವೆ. ಹೆಸರುಕಾಳು, ಉದ್ದು, ಕಡಲೆ ಬೆರೆಸಿದ ತಟ್ಟೆ ಮುಂದಿಟ್ಟುಕೊಂಡು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದಿಟ್ಟು, ದಿನದಿನಕ್ಕೆ ಸ್ವಲ್ಪ ಕಠಿಣ ಮಾಡುತ್ತ ಹೋಗುವುದು. ಮಟ್ಟವನ್ನು ತಜ್ಞರು ನಿರ್ಧರಿಸುತ್ತಾರೆ, ಅಭ್ಯಾಸ ಮನೆಯಲ್ಲಿ ನಡೆಯುತ್ತದೆ. ಎರಡನೆಯ ಪಾಲಾದ ಉಪಾಯಗಳು ಇನ್ನೂ ಸರಳ. ಬೀಗದ ಕೈ, ಕನ್ನಡಕ, ಫೋನು ಪ್ರತಿಯೊಂದಕ್ಕೂ ಒಂದೇ ಖಾಯಂ ಜಾಗ. ಮಾತ್ರೆಗೆ ವಾರದ ಡಬ್ಬಿ. ಒಲೆ ಹಚ್ಚಿದ ಕೂಡಲೇ ಫೋನಿನಲ್ಲಿ ಅಲಾರಂ. ಜೇಬಿನಲ್ಲೇ ಇರುವ ಒಂದು ಪುಸ್ತಕ, ಒಂದೇ. ಚೀಟಿಗಳು ಹತ್ತು ಕಡೆ ಬೇಡ. ಒಂದು ಕೆಲಸ ಮುಗಿಸಿ ಇನ್ನೊಂದು. ಮಾತಾಡುವಾಗ ಟಿವಿ ಬಂದ್. ಯುಪಿಐ ಪಾವತಿಗೆ ಸಣ್ಣ ಮೊತ್ತದ ಮಿತಿ, ದೊಡ್ಡ ಮೊತ್ತಕ್ಕೆ ಮನೆಯ ಇನ್ನೊಬ್ಬರ ಕಣ್ಣು. ವಾಹನ ಓಡಿಸುವುದು ಮಾತ್ರ ವೈದ್ಯರು ಹೇಳುವವರೆಗೆ ಬೇಡವೇ ಬೇಡ, ಫಿಟ್ಸ್ ಬಂದವರಂತೂ.

ದಣಿವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಗಡ್ಡೆಯ ಚಿಕಿತ್ಸೆ ಆದವರ ದಣಿವು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ದಿನಕ್ಕೆ ಇಷ್ಟೇ ಗಂಟೆ ಎಂದಿರುವಾಗ ರೈತ ಯಾವ ಹೊಲಕ್ಕೆ ಮೊದಲು ನೀರು ಹಾಯಿಸಬೇಕೆಂದು ಮುಂಚೆಯೇ ತೀರ್ಮಾನಿಸುವ ಹಾಗೆ, ತಲೆ ಚುರುಕಾಗಿರುವ ಹೊತ್ತು ಯಾವುದೆಂದು ನೋಡಿಕೊಂಡು ಮುಖ್ಯ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಕು. ಹೆಚ್ಚಿನವರಿಗೆ ಅದು ಬೆಳಗಿನ ಎರಡು ಮೂರು ಗಂಟೆ. ಬ್ಯಾಂಕಿನ ಕೆಲಸ, ಓದು, ತರಬೇತಿ ಆಗ. ನೆಂಟರ ಭೇಟಿ ಸಂಜೆಗೆ, ಅದೂ ಸ್ವಲ್ಪ ಹೊತ್ತು. ಮದುವೆಮನೆಯ ಗದ್ದಲದಲ್ಲಿ ಒಂದು ದಿನ ಕಳೆದು ಎರಡು ದಿನ ಮಲಗಿದರೆ ಅದು ಸೋಗಲ್ಲ.

ಮನೆಯವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು, ರೋಗಿಗೆ ತನ್ನ ತೊಂದರೆ ತನಗೇ ಕಾಣದಿರುವುದು. ‘ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ’ ಅನ್ನುತ್ತಾರೆ. ಇದು ಹಟವಲ್ಲ. ತನ್ನನ್ನು ತಾನು ಗಮನಿಸುವ ಶಕ್ತಿಯೂ ಮೆದುಳಿನದೇ, ಅದಕ್ಕೂ ಪೆಟ್ಟು ಬಿದ್ದಿರುತ್ತದೆ. ‘ಮೂರನೇ ಸಲ ಹೇಳ್ತಿದೀನಿ ರೀ’ ಎಂದು ಹೆಂಡತಿ ರೇಗಿದರೆ ಇಬ್ಬರಿಗೂ ನೋವು. ಅದರ ಬದಲು ಗೋಡೆಯ ಮೇಲೆ ದಿನದ ಪಟ್ಟಿ ಹಾಕಿ, ‘ಪಟ್ಟಿ ನೋಡಿದ್ರಾ?’ ಎಂದು ಕೇಳುವುದು ಸುಲಭ. ಉತ್ತರವನ್ನು ನಾವೇ ಹೇಳದೆ, ಉತ್ತರ ಇರುವ ಜಾಗವನ್ನು ತೋರಿಸುವುದು. ಆರೈಕೆ ಮಾಡುವವರ ಪಾಡು ದೊಡ್ಡದು. ಎಷ್ಟೋ ಮನೆಗಳಲ್ಲಿ ಆರೈಕೆಗೆ ನಿಂತ ಹೆಂಡತಿ ಗಂಡನ ಜೊತೆ ಇದ್ದೂ ಒಂಟಿಯಾಗಿರುತ್ತಾಳೆ. ಅವಳಿಗೂ ಮಾತಾಡಲು ಒಬ್ಬರು ಬೇಕು. ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನೆನಪಿನ ಟಾನಿಕ್, ಮೆದುಳು ಚುರುಕು ಮಾಡುವ ಮೊಬೈಲ್ ಆಟಗಳ ಬಗ್ಗೆ ಎಚ್ಚರ ಇರಲಿ. ಲುಮೊಸಿಟಿ ಎಂಬ ಜನಪ್ರಿಯ ಆಟದ ಕಂಪನಿ ಆಧಾರವಿಲ್ಲದ ಜಾಹೀರಾತು ಕೊಟ್ಟಿದೆಯೆಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಆಟ ಆಡಿದರೆ ಆ ಆಟ ಚೆನ್ನಾಗಿ ಬರುತ್ತದೆ. ಸಂತೆಯಿಂದ ಮರೆಯದೆ ಸಾಮಾನು ತರಲು ಸಂತೆಗೆ ಹೋಗಿಯೇ ಅಭ್ಯಾಸ ಮಾಡಬೇಕು.

ಮಕ್ಕಳದ್ದು ಬೇರೆ ಕಥೆ. ಹಿಮ್ಮೆದುಳಿನಲ್ಲಿ ಬರುವ ಮೆಡುಲ್ಲೊಬ್ಲಾಸ್ಟೋಮಾದಂಥ ಗಡ್ಡೆಗಳಿಗೆ ಇಡೀ ಮೆದುಳು ಮತ್ತು ಬೆನ್ನುಹುರಿಗೆ ವಿಕಿರಣ ಕೊಡಬೇಕಾಗುತ್ತದೆ. ಮಗು ಉಳಿಯುತ್ತದೆ, ಶಾಲೆಗೆ ಮರಳುತ್ತದೆ. ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷದಲ್ಲಿ ಜೊತೆಯವರು ಮುಂದೆ ಹೋಗಿರುತ್ತಾರೆ, ಇದು ಹಿಂದೆ. ಕಲಿತದ್ದನ್ನು ಮಗು ಮರೆತಿಲ್ಲ. ಹೊಸದನ್ನು ಕಲಿಯುವ ವೇಗ ತಗ್ಗಿದೆ. ಎಷ್ಟು ಚಿಕ್ಕ ವಯಸ್ಸಿನಲ್ಲಿ ವಿಕಿರಣ ಆಗಿದೆಯೋ ಅಷ್ಟು ಹೆಚ್ಚು ತೊಂದರೆ. ತರಗತಿಯಲ್ಲಿ ‘ದಡ್ಡ’ ಎಂಬ ಹೆಸರು ಬೀಳುವ ಮೊದಲು ಶಿಕ್ಷಕರಿಗೆ ವಿಷಯ ತಿಳಿಸಬೇಕು. ಮುಂದಿನ ಬೆಂಚು, ಬೋರ್ಡಿನ ಬದಲು ಬರೆದುಕೊಟ್ಟ ಟಿಪ್ಪಣಿ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಇಷ್ಟರಿಂದಲೇ ಬಹಳ ಉಪಕಾರ. ವಿಶೇಷ ಅಗತ್ಯದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಇರುವ ರಿಯಾಯಿತಿಗಳನ್ನು ಕೇಳಲು ಹತ್ತನೆಯ ತರಗತಿಯ ಕೊನೆಯವರೆಗೆ ಕಾಯಬಾರದು, ಪ್ರಮಾಣಪತ್ರ ಮುಂಚೆಯೇ ಕೈಯಲ್ಲಿರಬೇಕು.

ದೊಡ್ಡವರಿಗೆ ಕೆಲಸದ ಪ್ರಶ್ನೆ. ರಜೆ ಮುಗಿದ ದಿನವೇ ಪೂರ್ತಿ ಹೊರೆ ಹೊತ್ತು ಸೋತವರು ಬೇಗ ರಾಜೀನಾಮೆ ಬರೆಯುತ್ತಾರೆ. ಅರ್ಧ ದಿನದಿಂದ ಆರಂಭಿಸಿ ನಿಧಾನವಾಗಿ ಏರಿಸಿದರೆ ಉಳಿಯುವವರು ಹೆಚ್ಚು. ಸರ್ಕಾರಿ ನೌಕರರು ತಿಳಿದಿರಬೇಕಾದ ಮಾತೊಂದಿದೆ: ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20(4)ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಿಂದ ಇಳಿಸುವಂತಿಲ್ಲ, ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಆದರೆ ಆ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಮೆದುಳಿನ ಗಡ್ಡೆಯ ಹೆಸರಿಲ್ಲ. ಕಣ್ಣಿಗೆ ಕಾಣುವ ಕೈಕಾಲಿನ ತೊಂದರೆಗೆ ಪ್ರಮಾಣಪತ್ರ ಸಿಕ್ಕೀತು, ನೆನಪು ಹೋದದ್ದಕ್ಕೆ ಪುರಾವೆ ಒದಗಿಸುವುದು ಕಷ್ಟ. ಇಲ್ಲಿಯೂ ನೆರವಿಗೆ ಬರುವುದು ಆ ಪೂರ್ಣ ಪರೀಕ್ಷೆಯ ವರದಿಯೇ.

ಗ್ಲಿಯೋಬ್ಲಾಸ್ಟೋಮಾದಂಥ ಕ್ರೂರ ಗಡ್ಡೆಯಲ್ಲಿ, ಆಪರೇಷನ್, ವಿಕಿರಣ, ಟೆಮೊಝೊಲೊಮೈಡ್ ಎಂಬ ಕಿಮೊ ಮಾತ್ರೆ ಎಲ್ಲ ಆದಮೇಲೂ ಅರ್ಧದಷ್ಟು ಜನ ಸುಮಾರು ಹದಿನೈದು ತಿಂಗಳೊಳಗೆ ಹೋಗುತ್ತಾರೆ. ಅಂಥವರಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆ ಹದಿನೈದು ತಿಂಗಳಲ್ಲಿ ಮಗಳ ಜೊತೆ ಫೋನಿನಲ್ಲಿ ಮಾತಾಡಲು, ಜಮೀನಿನ ಪತ್ರಗಳ ವಿಚಾರ ತಾವೇ ತೀರ್ಮಾನಿಸಲು, ಬಚ್ಚಲಿನಿಂದ ಕೋಣೆಗೆ ದಾರಿ ತಪ್ಪದೆ ಬರಲು ಆಗಬೇಡವೇ? ಅವರ ಗುರಿಗಳು ಚಿಕ್ಕವು, ತರಬೇತಿಯೂ ಚಿಕ್ಕದು. ಕೊಡಲೇಬೇಕಾದ್ದು.

ಸದ್ಯಕ್ಕೆ ಇಂಥ ಸೇವೆ ಬೇಕಾದವರು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರುಗಳ ಕಡೆ ನೋಡಬೇಕು. ಬೀದರಿನಿಂದಲೋ ರಾಯಚೂರಿನಿಂದಲೋ ರಾತ್ರಿಯಿಡೀ ರೈಲಿನಲ್ಲಿ ಬಂದು ವಾರಕ್ಕೊಮ್ಮೆ ತರಬೇತಿ ಪಡೆಯುವುದು ಆಗದ ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ರೋಗದ ಚಿಕಿತ್ಸೆ ಕಲಿಸಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಫಿಟ್ಸ್, ಮರೆಗುಳಿತನ, ತಲೆನೋವಿನ ಆರೈಕೆಯನ್ನು ಜಿಲ್ಲಾ ಆಸ್ಪತ್ರೆಗಳಿಗೆ ಕೊಂಡೊಯ್ಯುವ ಕೆಲಸಕ್ಕೆ ಕೈಹಾಕಿದೆ. ಗಡ್ಡೆಯ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರನ್ನು ಅದೇ ಪಟ್ಟಿಗೆ ಸೇರಿಸಬೇಕು, ಜಿಲ್ಲೆಯ ಮನೋವಿಜ್ಞಾನಿಗಳಿಗೆ ಅರಿವಿನ ತರಬೇತಿ ನಡೆಸುವುದನ್ನು ಕಲಿಸಬೇಕು. ಬಳ್ಳಾರಿಯಲ್ಲಿ ಆಗಿನ ಕಾಲಕ್ಕೆ ಆದದ್ದು ಈಗ ಆಗುವುದಿಲ್ಲ ಎನ್ನಲು ಕಾರಣವಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥವರಿದ್ದರೆ, ಮುಂದಿನ ಸಲ ಎಂಆರ್‌ಐ ಫಿಲ್ಮ್ ಹಿಡಿದು ಆಸ್ಪತ್ರೆಗೆ ಹೋಗುವಾಗ ಒಂದು ಹಾಳೆಯಲ್ಲಿ ಅವರು ಈಗ ಯಾವ ಯಾವ ಕೆಲಸ ಮಾಡಲು ಕಷ್ಟಪಡುತ್ತಾರೆ, ಅದು ಯಾವಾಗಿನಿಂದ ಎಂದು ಬರೆದುಕೊಂಡು ಹೋಗಿ. ಸ್ಕ್ಯಾನ್ ನೋಡಿ ಡಾಕ್ಟರು ‘ಚೆನ್ನಾಗಿದೆ’ ಅಂದಮೇಲೆ ಎದ್ದು ಬರಬೇಡಿ. ಹಾಳೆಯನ್ನು ಅವರ ಮುಂದಿಟ್ಟು, ನ್ಯೂರೋಸೈಕಾಲಜಿ ಪರೀಕ್ಷೆಗೆ ಬರೆದುಕೊಡಿ ಎಂದು ಕೇಳಿ.